ಹೊಗೆ ಬೇಕೋ, ಘಮ ಬೇಕೋ?

ಮಸ್ಕತ್ತಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಈಗ ಖರ್ಜೂರದ ಜೊತೆ ಕರೆಂಟಿನ ಧೂಪದಾನಿಯೂ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೆಂಡ ಮಾಡಲು ಸೌದೆ ಒಲೆಯಿಲ್ಲ, ಹಾಗಾಗಿ ಅದಕ್ಕೆ ಒಳ್ಳೆಯ ಆದರವೂ ಇದೆ. ಬಳಸುವ ರೀತಿ ಮಾತ್ರ ಕೆಂಡದ ಕಾಲದ್ದೇ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಒಂದು ಚಮಚ ಸಾಂಬ್ರಾಣಿ ಸುರಿಯುವುದು, ಹೊಗೆ ಏಳಲಿಲ್ಲವೆಂದು ಇನ್ನೊಂದು ಚಮಚ ಸುರಿಯುವುದು. ಎರಡು ವಾರಕ್ಕೆ ತಟ್ಟೆ ಟಾರು ಬಳಿದಂತಾಗಿ, ‘ಗಲ್ಫ್ ಮಾಲು ಇಷ್ಟೇ’ ಎಂದು ಅಟ್ಟ ಸೇರುತ್ತದೆ.

ತಪ್ಪು ಮಾಲಿನದಲ್ಲ. ಊದಿ ಕೆಂಪಾದ ಕೆಂಡದ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದರ ಮೇಲೆ ಬಿದ್ದದ್ದು ಘಮಿಸುವುದಕ್ಕಿಂತ ಹೆಚ್ಚು ಸುಡುತ್ತದೆ. ನಮಗೆ ಆ ದಟ್ಟ ಹೊಗೆಯೇ ಧೂಪ. ಶುಕ್ರವಾರ ಸಂಜೆ ಮನೆ ಮೂಲೆಮೂಲೆಗೂ ಹೊಗೆ ಹೋಗಬೇಕು. ಮಸ್ಕತ್ತಿನಲ್ಲೂ ಮಜ್ಮರ್ ಎಂಬ ಕೆಂಡದ ಧೂಪದಾನಿ ಮರೆಯಾಗಿಲ್ಲ, ಆದರೆ ಅಲ್ಲಿ ಹಾಕುವುದು ಲುಬಾನಿನ ಒಂದೆರಡು ಹರಳು, ಅದೂ ಸೀದ ವಾಸನೆ ಏಳುವ ಮೊದಲೇ ಪಕ್ಕಕ್ಕೆ ಸರಿಯುತ್ತದೆ. ಕರೆಂಟಿನ ಧೂಪದಾನಿಗೆ ಹೊಂದುವುದು ಈ ಎರಡನೆಯ ಅಭ್ಯಾಸ ಎಂಬುದು ನನ್ನ ಅನಿಸಿಕೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಒಮಾನಿನ ಲುಬಾನ್ ಧೋಫಾರ್ ಸೀಮೆಯ ಬೊಸ್ವೆಲಿಯಾ ಸ್ಯಾಕ್ರಾ ಮರದ ಅಂಟು. ನಮ್ಮ ಸಾಂಬ್ರಾಣಿ, ಅಂದರೆ ಶಿವಾಜಿನಗರದಲ್ಲಿ ಲೋಬಾನ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು, ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ್ದು. ಅರಬರು ಅದನ್ನು ‘ಲುಬಾನ್ ಜಾವಿ’, ಜಾವಾದ ಲುಬಾನ್, ಎಂದು ಕರೆದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಬಿಸಿಯ ಮುಂದೆ ಎರಡರ ಸ್ವಭಾವವೂ ಬೇರೆ. ಸಾಂಬ್ರಾಣಿ ಪೂರ್ತಿ ಕರಗಿ ಹರಿಯುತ್ತದೆ, ಆದ್ದರಿಂದ ಅದಕ್ಕೆ ಅಂಚು ಎತ್ತಿದ ಫಾಯಿಲ್ ಬಟ್ಟಲು ಬೇಕೇ ಬೇಕು. ಲುಬಾನಿನಲ್ಲಿ ರಾಳದ ಜೊತೆ ಗೋಂದೂ ಇದೆ. ಗೋಂದು ಕರಗುವುದಿಲ್ಲ, ಉಳಿದು ಹೊತ್ತುತ್ತದೆ.

ಲುಬಾನಿಗೆ 120 ಡಿಗ್ರಿಯಿಂದ ಶುರುಮಾಡಿ. ಕಡಲೆಕಾಳಿನಷ್ಟು ಹರಳು ಎರಡು ಸಾಕು. ಅದರ ತಾಜಾ ವಾಸನೆ ಕೊಡುವ ಪೈನೀನ್ ಎಂಬ ಎಣ್ಣೆಯಂಶ ಕುದಿಯುವುದು 156ರ ಸುಮಾರಿಗೆ, ಆದರೆ ಅದಕ್ಕೂ ಮೊದಲೇ ಆವಿಯಾಗತೊಡಗುತ್ತದೆ. ನೇರವಾಗಿ 200ಕ್ಕೆ ಇಟ್ಟರೆ ಆ ತಾಜಾತನ ಕೆಲವೇ ನಿಮಿಷದಲ್ಲಿ ಹಾರಿಹೋಗಿ ಸೀದ ಗೋಂದಿನ ವಾಸನೆ ಉಳಿಯುತ್ತದೆ. ಹತ್ತು ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಏರಿಸುತ್ತ 160ಕ್ಕೆ ನಿಲ್ಲಿಸಿ.

ಸಾಂಬ್ರಾಣಿಗೆ 140ರಿಂದ 160, ಅರ್ಧ ಚಮಚ. ಈ ಬಿಸಿಯಲ್ಲಿ ವೆನಿಲಾದಂಥ ಸಿಹಿ ಘಮ ನಿಧಾನವಾಗಿ ಬರುತ್ತದೆ, ಕಣ್ಣಿಗೆ ಕಾಣುವ ಹೊಗೆ ಕಡಿಮೆ. ಬಿಸಿ ಹೆಚ್ಚಿದಷ್ಟೂ ಅದರೊಳಗಿನ ಬೆಂಜೋಯಿಕ್ ಆಮ್ಲ ಜೋರಾಗಿ ಆವಿಯಾಗಿ ಗಂಟಲಿಗೆ ಘಾಟು ಹತ್ತುತ್ತದೆ. ಎಣ್ಣೆನೀರಾದ ಎಳೆಮಗುವನ್ನು ಈ ಹೊಗೆಗೆ ಹಿಡಿಯುವ ರೂಢಿಯನ್ನು ಬಿಡುವುದೇ ಒಳ್ಳೆಯದು. ಉಸಿರಿನ ನಾಳ ಅಷ್ಟು ಸಣ್ಣದಿರುತ್ತದೆ. ಇನ್ನೊಂದು ತೊಡಕು ಗ್ರಂಧಿಗೆ ಅಂಗಡಿಯ ಅಗ್ಗದ ಪುಡಿ. ಮರದ ಹೊಟ್ಟು ಬೆರೆತಿದ್ದರೆ ಅದು ಕರಗದೆ ಕರಕಲಾಗುತ್ತದೆ. ಗಟ್ಟಿ ಕೊಳ್ಳಿ, ಮುರಿದು ನೋಡಿ: ಕಂದು ಬಣ್ಣದ ನಡುವೆ ಬಾದಾಮಿ ಚೂರಿನಂಥ ಬಿಳಿ ತುಣುಕು ಕಾಣಬೇಕು.

ಶ್ರೀಗಂಧದ ಪುಡಿಗೆ ಹೆಚ್ಚು ಬಿಸಿ ಬೇಕು, 170ರಿಂದ 190. ಒಂದು ಚಿಟಿಕೆಯನ್ನು ತೆಳುವಾಗಿ ಹರಡಿ. ಗುಡ್ಡೆ ಮಾಡಿದರೆ ಅಡಿಭಾಗ ಸುಟ್ಟು ಮೇಲ್ಭಾಗ ಹಸಿಯಾಗೇ ಇರುತ್ತದೆ. ಅಗರು ಚಕ್ಕೆಗೆ 160ರಿಂದ 180. ಸುಗಂಧದೆಣ್ಣೆಯಲ್ಲಿ ನೆನೆಸಿದ ಮರದ ಚೂರು, ಅಂದರೆ ಬಖೂರಿನಲ್ಲಿ ಸಕ್ಕರೆ ಪಾಕ ಇರುವುದುಂಟು, ಅದು ತಟ್ಟೆಗೆ ಕಚ್ಚಿಕೊಳ್ಳುತ್ತದೆ, ಫಾಯಿಲ್ ಇಲ್ಲದೆ ಇಡಬೇಡಿ. ದಶಾಂಗವನ್ನು ಕೆಂಡಕ್ಕೇ ಬಿಡಿ, ಹತ್ತು ವಸ್ತುವಿಗೆ ಹೊಂದುವ ಒಂದು ಬಿಸಿ ಎಲ್ಲಿಂದ ತರುವುದು? ಕರ್ಪೂರವಂತೂ ಈ ತಟ್ಟೆಯ ಹತ್ತಿರವೂ ಬೇಡ. ಬಿಸಿಗೆ ಬೇಗ ಆವಿಯಾಗುತ್ತದೆ, ಆ ಆವಿಗೆ ಪಕ್ಕದ ದೀಪದ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಅಂಕಿ ಹೇಳಿದರೂ ಪರದೆಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಿಸಿ ಅಳೆಯುವ ಸಂವೇದಕ ಇರುವುದು ತಟ್ಟೆಯ ಕೆಳಗೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಮೇಲ್ಮೈ ತಣ್ಣಗೇ ಇರುತ್ತದೆ. ಪರೀಕ್ಷೆಗೆ ಅಡುಗೆಮನೆಯ ಸಕ್ಕರೆ ಸಾಕು. ಫ್ಯಾನ್ ಆರಿಸಿ, ತಟ್ಟೆಗೆ ತೆಳು ಫಾಯಿಲ್ ಒತ್ತಿ ಹಾಸಿ, 170ಕ್ಕೆ ಇಟ್ಟು ಹತ್ತು ನಿಮಿಷ ಕಾಯಿರಿ. ಎಂಟು ಹತ್ತು ಹರಳು ಹಾಕಿ, ಮೇಲೊಂದು ಸಣ್ಣ ಸ್ಟೀಲ್ ಲೋಟ ಕವುಚಿ. ಇನ್ನು ಹತ್ತು ನಿಮಿಷಕ್ಕೆ ಬಟ್ಟೆ ಹಿಡಿದು ಲೋಟ ಎತ್ತಿದಾಗ ಹರಳಿನ ಮೂಲೆಗಳು ಚೂಪಾಗೇ ಇರಬೇಕು. ಹೊಸ ಹರಳು ಹಾಕಿ 180, ಆಮೇಲೆ 190. ಸಕ್ಕರೆ ಕರಗುವುದು 186ರ ಆಸುಪಾಸು. 170ಕ್ಕೇ ಹೊಂಬಣ್ಣದ ಹನಿಯಾದರೆ ನಿಮ್ಮ ಧೂಪದಾನಿ ಕನಿಷ್ಠ ಹದಿನೈದರಷ್ಟು ಹೆಚ್ಚು ಕಾಯುತ್ತಿದೆ. 210ಕ್ಕೂ ಮೂಲೆ ಕರಗದಿದ್ದರೆ ಇಪ್ಪತ್ತಕ್ಕೂ ಹೆಚ್ಚು ಹಿಂದಿದೆ. ಹೆಚ್ಚು ಕಾಯುತ್ತಿದ್ದರೆ ಆ ವ್ಯತ್ಯಾಸವನ್ನು ಮೇಲಿನ ಅಂಕಿಗಳಿಂದ ಕಳೆಯಿರಿ, ಹಿಂದಿದ್ದರೆ ಕೂಡಿಸಿ. ನೀರಿನ ಹನಿಯ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಬೆಂಗಳೂರಿನ ಎತ್ತರಕ್ಕೆ ನೀರು 97ಕ್ಕೇ ಕುದಿಯುತ್ತದೆ, ನಮಗೆ ಬೇಕಾದ ಅಂಕಿ ಅದಕ್ಕಿಂತ ಬಹಳ ಮೇಲೆ.

ಡಯಲ್ಲೇ ಇಲ್ಲದ ಅಗ್ಗದ ಧೂಪದಾನಿ ಒಂದೇ ಬಿಸಿಗೆ ನಿಲ್ಲುತ್ತದೆ, ಲುಬಾನಿಗೆ ಅದು ಸಾಮಾನ್ಯವಾಗಿ ಜಾಸ್ತಿಯೇ. ಜರಡಿ ಹಿಡಿದ ಬೂದಿಯನ್ನು ಮೂರು ನಾಲ್ಕು ಮಿಲಿಮೀಟರ್ ಹಾಸಿ, ಅದರ ಮೇಲೆ ಕಾಗೆಬಂಗಾರದ ಬಿಲ್ಲೆ ಇಟ್ಟರೆ ಬಿಸಿ ತಗ್ಗುತ್ತದೆ.

ತೊಳೆಯುವಾಗಲೂ ಎರಡಕ್ಕೂ ಒಂದೇ ಮದ್ದಲ್ಲ. ಸಾಂಬ್ರಾಣಿ ಸ್ಪಿರಿಟ್ಟಿಗೆ ಕರಗುತ್ತದೆ. ಮೆಡಿಕಲ್ ಶಾಪಿನ ಟಿಂಚರ್ ಬೆಂಜೋಯಿನ್ ಅಂದರೆ ಇದೇ ಕರಗಿದ ಸಾಂಬ್ರಾಣಿ. ಲುಬಾನಿನ ಗೋಂದಿಗೆ ಉಗುರುಬೆಚ್ಚನೆಯ ನೀರಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಹಾಸಿಡಬೇಕು. ಯಾವುದಕ್ಕೂ ಮೊದಲು ಪ್ಲಗ್ ಕಿತ್ತು ತಟ್ಟೆ ಪೂರ್ತಿ ಆರಲಿ, ಬೆಚ್ಚಗಿರುವಾಗ ಸ್ಪಿರಿಟ್ ಸೋಕಿಸಬಾರದು. ಅಂದಹಾಗೆ ಒಮಾನಿನ ಪ್ಲಗ್ಗಿಗೆ ಚಪ್ಪಟೆ ಚೌಕ ಪಿನ್ನುಗಳು, ನಮ್ಮ ಗೋಡೆಗೆ ಹೋಗುವುದಿಲ್ಲ. ಸಡಿಲ ಅಡಾಪ್ಟರಿನಲ್ಲಿ ಗಂಟೆಗಟ್ಟಲೆ ಉರಿಸುವ ಬದಲು ಎಲೆಕ್ಟ್ರಿಷಿಯನ್ ಕೈಲಿ ಅರ್ತ್ ಪಿನ್ ಇರುವ ಇಲ್ಲಿನ ಪ್ಲಗ್ ಹಾಕಿಸಿ.