ನಾನೂರು ಪೌಂಡಿಗೆ ಮುಚ್ಚಿದ ಬಾಗಿಲು

ಮೊನ್ನೆ ಒಂದು ಮದುವೆ ಮನೇಲಿ ಊಟದ ಪಂಕ್ತೀಲಿ ಕೂತಿದ್ದಾಗ ನಮ್ಮ ಸಂಬಂಧಿಕರೊಬ್ರು ಅಮ್ಮನ ಎದುರಿಗೇ ಅಂದ್ಬಿಟ್ರು, "ಬಡ್ಡಿ ಸ್ವಲ್ಪ ಜಾಸ್ತಿ ಸಿಗುತ್ತೆ ಅಂತ ಹೋಗಿ ಇಟ್ರಲ್ಲ, ಆಸೆ ಪಟ್ರೆ ಹೀಗೇ ಆಗೋದು" ಅಂತ. ಅಮ್ಮ ಏನೂ ಮಾತಾಡ್ಲಿಲ್ಲ. ಎಲೆ ಮೇಲೆ ಬಡಿಸಿದ್ದ ಹೋಳಿಗೆ ಹಾಗೇ ಬಿಟ್ಟು ಎದ್ದು ಕೈ ತೊಳ್ಯೋಕೆ ಹೋದ್ರು. ನಮ್ಮಮ್ಮ ಎಲೇಲಿ ಏನನ್ನಾದ್ರೂ ಬಿಟ್ಟು ಎದ್ದಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮೂರಲ್ಲಿ ಒಂದು ಪತ್ತಿನ ಸಂಘ ಇತ್ತು, ಹೆಸರು ಬೇಡ, ಬಸ್ ಸ್ಟ್ಯಾಂಡ್ ಹಿಂದಿನ ರೋಡಲ್ಲಿ. ಅಪ್ಪ ಹೋದ ಮೇಲೆ ಬಂದ ಇನ್ಶೂರೆನ್ಸ್ ದುಡ್ಡು, ಅಮ್ಮ ಅಂಗನವಾಡಿ ಕೆಲಸದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು, ಎಲ್ಲಾ ಸೇರಿಸಿ ಅಲ್ಲಿ ಎಫ್‌ಡಿ ಮಾಡಿದ್ರು. ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಹೋದ್ರೆ ಶಟರ್ ಅರ್ಧಕ್ಕೆ ಎಳೆದಿದ್ದಾರೆ, ಒಳಗಡೆ ಲೈಟ್ ಇದೆ, ಮಾತಾಡೋರು ಯಾರೂ ಇಲ್ಲ. ಯಾವುದೋ ದೊಡ್ಡ ಊರಿನ ದೊಡ್ಡ ಮನುಷ್ಯರಿಗೆ ಕೊಟ್ಟ ಸಾಲ ವಾಪಸ್ ಬರ್ಲಿಲ್ವಂತೆ, ಅಷ್ಟೇ ನಮಗೆ ಗೊತ್ತಾಗಿರೋದು. ಆ ಮದುವೆ ಮನೆ ಮಾತು ಕೇಳಿದಾಗಿಂದ ನನಗೆ ಇನ್ವರ್ನೆಸ್ ಅನ್ನೋ ಊರಿನ ಬ್ಯಾಂಕಿನ ಕಥೆ ತಲೆಯಿಂದ ಹೋಗ್ತಾನೇ ಇಲ್ಲ. ಬಿಕಾಂ ಓದುವಾಗ ಅನ್‌ಲಿಮಿಟೆಡ್ ಲಯಬಿಲಿಟಿ, ಅಂದ್ರೆ ಮಿತಿ ಇಲ್ಲದ ಹೊಣೆ, ಅನ್ನೋ ಪಾಠದಲ್ಲಿ ನಮ್ಮ ಮೇಷ್ಟ್ರು ಎರಡು ಸಾಲಲ್ಲಿ ಹೇಳಿ ಮುಗಿಸಿದ್ರು, ನಾನು ಆಮೇಲೆ ಹುಡುಕಿ ಹುಡುಕಿ ಓದಿದೆ, ಇವತ್ತು ಪೂರ್ತಿ ಬರೀತೀನಿ, ಉದ್ದ ಆಗುತ್ತೆ, ಟೈಮ್ ಇದ್ರೆ ಓದಿ.

ಇನ್ವರ್ನೆಸ್ ಇರೋದು ಸ್ಕಾಟ್ಲೆಂಡಿನ ಉತ್ತರಕ್ಕೆ, ನೆಸ್ ಅನ್ನೋ ಹೊಳೆ ದಂಡೆ ಮೇಲೆ, ಹೈಲ್ಯಾಂಡ್ಸ್ ಅಂತ ಕರೆಯೋ ಗುಡ್ಡಗಾಡು ಸೀಮೆಗೆಲ್ಲ ಸಂತೆ ಪಟ್ಟಣ ಅದು. ಅಲ್ಲಿ ಪ್ರತಿ ಜುಲೈ ತಿಂಗಳು ಕುರಿ ಮತ್ತು ಉಣ್ಣೆ ಸಂತೆ ನಡೀತಿತ್ತು. ಸಂತೆ ಅಂದ್ರೆ ನಮಗೆ ಕಣ್ಮುಂದೆ ಬರೋದು ಏನು, ಸಾವಿರಾರು ಕುರಿ, ಧೂಳು, ಹಲ್ಲು ಹಿಡಿದು ನೋಡಿ ವಯಸ್ಸು ಹೇಳೋರು, ಟವೆಲ್ ಒಳಗೆ ಬೆರಳು ಹಿಡಿದು ರೇಟ್ ಮಾತಾಡೋರು. ಇನ್ವರ್ನೆಸ್ ಸಂತೇಲಿ ಕುರೀನೇ ಇರ್ತಿರ್ಲಿಲ್ಲ! ಕುರಿ ಎಲ್ಲೋ ಬೆಟ್ಟದಲ್ಲಿ ಮೇಯ್ತಾ ಇರ್ತಿದ್ವು, ಮಾರೋನು ಕೊಳ್ಳೋನು ಇಬ್ರೂ ಊರಿಗೆ ಬಂದು ಬೀದೀಲಿ ನಿಂತು ಬಾಯಿ ಮಾತಲ್ಲೇ ವ್ಯಾಪಾರ ಮುಗಿಸ್ತಿದ್ರು, ಇಂಥವನ ಹಿಂಡು ಹೆಂಗಿರುತ್ತೆ ಅಂತ ಊರಿಗೇ ಗೊತ್ತು, ಅವನ ಮಾತು ಹೆಂಗೆ ಅಂತಾನೂ ಗೊತ್ತು, ಅಷ್ಟು ಸಾಕಿತ್ತು. ನಂಬಿಕೆ ಮೇಲೆ ನಡೆಯೋ ಊರು ಅಂದ್ರೆ ಇದಕ್ಕಿಂತ ಏನು ಬೇಕು ಹೇಳಿ.

ಆ ಊರಿಂದು ಅಂತ ಒಂದು ಬ್ಯಾಂಕು, ಕ್ಯಾಲಿಡೋನಿಯನ್ ಬ್ಯಾಂಕ್, 1838ರಲ್ಲಿ ಶುರುವಾಗಿದ್ದು. ಹೈ ಸ್ಟ್ರೀಟಲ್ಲಿ ದೊಡ್ಡ ದೊಡ್ಡ ಕಂಬಗಳ ಕಟ್ಟಡ, ಮೇಲ್ಗಡೆ ತ್ರಿಕೋನದಲ್ಲಿ ಕೆತ್ತಿದ ಶಿಲ್ಪಗಳು, ಇವತ್ತಿಗೂ ನಿಂತಿದೆ. ಹೈಲ್ಯಾಂಡ್ಸಿನ ಸಣ್ಣ ಸಣ್ಣ ಊರುಗಳಲ್ಲಿ ಬ್ರಾಂಚುಗಳು. ಆಗಿನ ಸ್ಕಾಟ್ಲೆಂಡಲ್ಲಿ ಬ್ಯಾಂಕುಗಳು ತಮ್ಮ ತಮ್ಮ ಹೆಸರಲ್ಲೇ ನೋಟು ಹೊರಡಿಸ್ತಿದ್ವು, ಹಾಗಾಗಿ ಕುರಿ ಮಾರಿದವನ ಜೇಬಲ್ಲಿ ಇರೋ ಒಂದು ಪೌಂಡಿನ ನೋಟಿನ ಮೇಲೂ ಊರ ಬ್ಯಾಂಕಿನ ಹೆಸರೇ. ಈ ಬ್ಯಾಂಕು ದಿವಾಳಿ ಆಗೋ ಕೆಲಸ ಏನೂ ಮಾಡಿರ್ಲಿಲ್ಲ. ಆದ್ರೂ 1878ರ ಡಿಸೆಂಬರಲ್ಲಿ ಬಾಗಿಲು ಹಾಕ್ತು.

ಯಾಕೆ ಅಂದ್ರೆ ಅದಕ್ಕೆ ಎರಡು ತಿಂಗಳು ಮುಂಚೆ, 1878ರ ಅಕ್ಟೋಬರ್ 2ಕ್ಕೆ, ದಕ್ಷಿಣದ ದೊಡ್ಡ ಸಿಟೀಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಬಿದ್ದಿತ್ತು. ಅದು ಸಾಮಾನ್ಯ ಬ್ಯಾಂಕಲ್ಲ, 133 ಬ್ರಾಂಚು, ಸುಮಾರು 80 ಲಕ್ಷ ಪೌಂಡ್ ಡೆಪಾಸಿಟ್ಟು. ಅದೇ ವರ್ಷ ಶೇರುದಾರರಿಗೆ 12 ಪರ್ಸೆಂಟ್ ಡಿವಿಡೆಂಡ್ ಕೊಟ್ಟಿದ್ರು, ನೂರು ಪೌಂಡಿನ ಶೇರಿಗೆ ಮಾರ್ಕೆಟಲ್ಲಿ ಇನ್ನೂರಕ್ಕಿಂತ ಜಾಸ್ತಿ ಬೆಲೆ ಇತ್ತು. ಒಳಗಡೆ ನೋಡಿದ್ರೆ ಬೆರಳೆಣಿಕೆ ಕಂಪನಿಗಳಿಗೆ ಲಕ್ಷಾಂತರ ಪೌಂಡ್ ಸುರಿದು, ಅದು ವಾಪಸ್ ಬರಲ್ಲ ಅಂತ ಗೊತ್ತಿದ್ರೂ ಇನ್ನಷ್ಟು ಸುರಿದು, ಲೆಕ್ಕದ ಪುಸ್ತಕಾನೇ ತಿದ್ದಿ ಇಲ್ಲದ ಚಿನ್ನ ಇದೆ ಅಂತ ತೋರ್ಸಿ, ಬೆಲೆ ಬೀಳಬಾರ್ದು ಅಂತ ತಮ್ಮ ಶೇರನ್ನ ತಾವೇ ಕೊಂಡು ಇಟ್ಟಿದ್ರು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತೀವಲ್ಲ, ಅಕ್ಷರಶಃ ಅದೇ.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ, ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಆ ಸಾಲ ತಗೊಂಡ ಕಂಪನಿಗಳಲ್ಲಿ ಮುಖ್ಯವಾಗಿದ್ದು ಸ್ಮಿತ್ ಫ್ಲೆಮಿಂಗ್ ಕಂಪನಿ, ಇಂಡಿಯಾ ವ್ಯಾಪಾರದ್ದು. ಅಮೆರಿಕದ ಅಂತರ್ಯುದ್ಧದ ಟೈಮಲ್ಲಿ, 1861ರಿಂದ 65ರ ತನಕ, ಅಲ್ಲಿಂದ ಹತ್ತಿ ಬರೋದು ನಿಂತು ಬಾಂಬೆ ಹತ್ತಿಗೆ ಬಂಗಾರದ ಬೆಲೆ ಬಂತು, ನಮ್ಮ ಧಾರವಾಡ ಸೀಮೆ ಹತ್ತೀನೂ ಕುಮಟಾ ಬಂದರಿಂದ ಹಡಗು ಹತ್ತಿ ಹೋಗ್ತಿತ್ತು, ಆ ಹತ್ತಿಗೆ ಮಾರ್ಕೆಟಲ್ಲಿ ಕುಮಟಾ ಹತ್ತಿ ಅಂತಾನೇ ಹೆಸರು. ಯುದ್ಧ ಮುಗೀತು, ಬೆಲೆ ನೆಲ ಕಚ್ತು, ಬಾಂಬೇಲಿ ಶೇರು ಕೊಂಡೋರು ಬೀದಿಗೆ ಬಂದ್ರು, ಬ್ಯಾಂಕ್ ಆಫ್ ಬಾಂಬೇನೇ ಮುಳುಗಿ 1868ರಲ್ಲಿ ಅದನ್ನ ಮುಚ್ಚಿದ್ರು. ಇಂಡಿಯಾ ವ್ಯಾಪಾರದಲ್ಲಿ ಹೀಗೆ ಏಟು ತಿಂದ ಕಂಪನಿಗಳ ಗಾಯಕ್ಕೆ ಗ್ಲಾಸ್ಗೋ ಬ್ಯಾಂಕು ಹತ್ತು ವರ್ಷ ಬಟ್ಟೆ ಸುತ್ತಿ ಸುತ್ತಿ ಇಟ್ಟಿತ್ತು.

ಈಗ ವಿಷಯಕ್ಕೆ ಬರ್ತೀನಿ. ಆಗ ಸ್ಕಾಟ್ಲೆಂಡಿನ ಹಳೇ ಮೂರು ಬ್ಯಾಂಕು ಬಿಟ್ರೆ ಮಿಕ್ಕಿದ್ದಕ್ಕೆಲ್ಲ ಅನ್‌ಲಿಮಿಟೆಡ್ ಲಯಬಿಲಿಟಿ. ಅಂದ್ರೆ ನೀವು ಒಂದು ಶೇರು ತಗೊಂಡ್ರೆ ಆ ಬ್ಯಾಂಕಿನ ಅಷ್ಟೂ ಸಾಲಕ್ಕೆ ಜಾಮೀನು ಹಾಕಿದಂಗೆ. ಜಾಮೀನು ಅಂದ್ರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ, ಪ್ರತಿ ಓಣೀಲೂ ಒಬ್ಬ ಇರ್ತಾನೆ, ಸ್ನೇಹಿತನ ಟ್ರ್ಯಾಕ್ಟರ್ ಲೋನಿಗೆ ಸೈನ್ ಹಾಕಿ ತನ್ನ ಗದ್ದೆ ಕಳ್ಕೊಂಡೋನು. ಇದು ಅದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಹತ್ತು ಜನ ಜಾಮೀನುದಾರರಲ್ಲಿ ಒಂಬತ್ತು ಜನ ದಿವಾಳಿ ಎದ್ರೆ ಅವರ ಪಾಲೂ ಉಳಿದ ಹತ್ತನೆಯವನ ತಲೆ ಮೇಲೆ. ಬ್ಯಾಂಕಿಗೆ ಹತ್ತತ್ರ 60 ಲಕ್ಷ ಪೌಂಡ್ ತೂತು. ಮೊದಲ ಸಲ ನೂರು ಪೌಂಡ್ ಶೇರಿಗೆ 500 ಪೌಂಡ್ ಕಟ್ಟಿ ಅಂದ್ರು, ಕಟ್ಟೋಕಾಗದೆ ಜನ ಉದುರಿಹೋದ್ರು, ಎರಡನೇ ಸಲ ಅದೇ ನೂರು ಪೌಂಡಿಗೆ 2,250 ಕಟ್ಟಿ ಅಂದ್ರು. 1,819 ಶೇರುದಾರರಲ್ಲಿ ಕೊನೆಗೆ ದಿವಾಳಿ ಆಗದೆ ಉಳಿದೋರು 254 ಜನ. ಆ ಶೇರುದಾರರಲ್ಲಿ ಎಷ್ಟೋ ಜನ ವಿಧವೆಯರು, ಮದುವೆ ಆಗದ ಹೆಂಗಸರು, ಬ್ಯಾಂಕ್ ಶೇರು ಅಂದ್ರೆ ಭದ್ರ ಅಂತ ಇದ್ದಬದ್ದದ್ದನ್ನ ಅಲ್ಲಿಟ್ಟೋರು.

ನನಗೆ ಜಾಸ್ತಿ ಸಂಕಟ ಆಗೋದು ಟ್ರಸ್ಟಿಗಳ ಕಥೆಗೆ. ಯಾರೋ ಸತ್ತಿರ್ತಾರೆ, ಮಕ್ಕಳು ಸಣ್ಣೋರು, ಶೇರು ನೋಡ್ಕೊಳ್ಳೋಕೆ ಅಂತ ಒಬ್ಬ ಬಂಧು, ಒಬ್ಬ ಸ್ನೇಹಿತನ ಹೆಸರು ಹಾಕಿರ್ತಾರೆ. ಅವರಿಗೆ ಅದರಿಂದ ಒಂದು ಪೆನ್ನಿ ಲಾಭ ಇಲ್ಲ, ಉಪಕಾರಕ್ಕೆ ಒಪ್ಕೊಂಡಿದ್ದು. ಇಂಥವರ ಕೇಸು ಆಗ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಯ್ತು, 1879ರಲ್ಲಿ ತೀರ್ಪು ಬಂತು: ರಿಜಿಸ್ಟರಲ್ಲಿ ನಿಮ್ಮ ಹೆಸರಿದೆ, ನೀವೇ ಕಟ್ಟಬೇಕು, ನಿಮ್ಮ ಸ್ವಂತ ಆಸ್ತಿಯಿಂದ. ಅನಾಥ ಮಕ್ಕಳ ದುಡ್ಡು ಕಾಯೋಕೆ ಹೋದವನು ತನ್ನ ಮಕ್ಕಳ ಮನೆ ಮಾರಬೇಕು. ಕಾನೂನಿನ ಪ್ರಕಾರ ಸರಿ ಇರಬಹುದು, ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ.

ಇನ್ವರ್ನೆಸ್ ಬ್ಯಾಂಕಿಗೆ ಬಡಿದಿದ್ದೂ ಇದೇ ಏಟು. ಕೊಟ್ಟ ಸಾಲಕ್ಕೆ ಆಧಾರ ಅಂತ ಬಂದಿದ್ದ ಗ್ಲಾಸ್ಗೋ ಬ್ಯಾಂಕಿನ ಶೇರು ಕ್ಯಾಲಿಡೋನಿಯನ್ ಬ್ಯಾಂಕಿನ ಹೆಸರಲ್ಲಿತ್ತು. ಎಷ್ಟು ಅಂತೀರಾ, 400 ಪೌಂಡಿನದು. ಬರೀ ನಾನೂರು! ಆ ಎರಡು ಕಂತಿನ ಲೆಕ್ಕ ಹಾಕಿದ್ರೆ ನಾನೂರಕ್ಕೆ 11,000 ಪೌಂಡ್ ಆಗುತ್ತೆ, ಒಂದು ಬ್ಯಾಂಕಿಗೆ ಅದು ಸಾಯೋ ಅಂಥ ಮೊತ್ತ ಅಲ್ಲ. ಆದ್ರೆ ಅಲ್ಲಿಗೇ ನಿಲ್ಲುತ್ತೆ ಅಂತ ಡಿಸೆಂಬರಲ್ಲಿ ಯಾರಿಗೆ ಗೊತ್ತು? ಮಿಕ್ಕ ಶೇರುದಾರರು ಒಬ್ಬೊಬ್ಬರೇ ದಿವಾಳಿ ಎದ್ರೆ ಕೊನೆಗೆ ಗಟ್ಟಿಯಾಗಿ ನಿಂತಿರೋ ಕ್ಯಾಲಿಡೋನಿಯನ್ ಮೇಲೆ ಎಷ್ಟು ಬೀಳುತ್ತೋ. ಕ್ಯಾಲಿಡೋನಿಯನ್ನೂ ಅನ್‌ಲಿಮಿಟೆಡ್ಡೇ, ಅಂದ್ರೆ ಗ್ಲಾಸ್ಗೋದಲ್ಲಿ ಹತ್ತಿದ ಬೆಂಕಿ ಈ ನಾನೂರು ಪೌಂಡಿನ ದಾರ ಹಿಡ್ಕೊಂಡು ಇನ್ವರ್ನೆಸ್ ಶೇರುದಾರರ ಮನೆ, ಹೊಲ, ಕುರಿ ತನಕ ಬರಬಹುದು, ಅವರಲ್ಲಿ ಒಬ್ಬನೂ ಗ್ಲಾಸ್ಗೋ ಬ್ಯಾಂಕಿನ ಬಾಗಿಲು ಮೆಟ್ಟದೇ ಇದ್ರೂ. ಹೆದರಿದೋರು ಶೇರು ಕೈ ಬಿಟ್ಟು ಓಡೋಕೆ ನೋಡಿದ್ರು, ಗಟ್ಟಿ ಕುಳಗಳು ಜಾಗ ಖಾಲಿ ಮಾಡಿದ್ರೆ ಆ ಬ್ಯಾಂಕಿಗೆ ಏನು ಬೆಲೆ, ಬಾಗಿಲು ಹಾಕದೆ ಬೇರೆ ದಾರಿ ಇರ್ಲಿಲ್ಲ.

ಚಳಿಗಾಲದ ನಡುಮಧ್ಯೆ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲಾಗೋ ಊರು ಅದು. ಆ ಕಂಬಗಳ ಕೆಳಗೆ ಬಂದು ನಿಂತೋನ ಮುಖ ನಾನು ಎಷ್ಟೋ ಸಲ ಕಲ್ಪಿಸ್ಕೊಂಡಿದ್ದೀನಿ, ಕೈಲಿ ಆ ಬ್ಯಾಂಕಿಂದೇ ನೋಟು, ಎದುರಿಗೆ ಮುಚ್ಚಿದ ಬಾಗಿಲು. ನನಗೆ ಕಾಣೋದು ನಮ್ಮಮ್ಮನ ಮುಖಾನೇ, ಅರ್ಧ ಎಳೆದ ಶಟರ್ ಮುಂದೆ ಬಗ್ಗಿ ಒಳಗೆ ನೋಡ್ತಿದ್ದ ಮುಖ.

ಈಗ ಹೇಳಿ, ಇದರಲ್ಲಿ ದುರಾಸೆ ಎಲ್ಲಿದೆ? ಇನ್ವರ್ನೆಸ್ ಕುರಿ ಸಾಕೋನು ಯಾವ ಬಡ್ಡಿ ಆಸೆಗೆ ಬಿದ್ದಿದ್ದ? ಊರಲ್ಲಿರೋ ಬ್ಯಾಂಕಿಗೆ ಊರಿನೋನು ದುಡ್ಡು ಹಾಕಿದ, ಅಷ್ಟೇ. ಅಮ್ಮ ಆ ಸಂಘಕ್ಕೆ ಹೋಗಿದ್ದು ಬಡ್ಡಿಗೆ ಮಾತ್ರ ಅಲ್ಲ. ದೊಡ್ಡ ಬ್ಯಾಂಕಲ್ಲಿ ಫಾರ್ಮ್ ತುಂಬೋಕೆ ಬರಲ್ಲ ಅಂದ್ರೆ ಕೌಂಟರಲ್ಲಿರೋರು ಮುಖ ಎತ್ತಿ ನೋಡಲ್ಲ, ಆ್ಯಪಲ್ಲಿ ಮಾಡಿ ಅಂತಾರೆ. ಸಂಘದಲ್ಲಿ ಒಳಗೆ ಹೋಗ್ತಿದ್ದಂಗೆ "ಬನ್ನಿ ಟೀಚರ್, ಕೂತ್ಕೊಳಿ" ಅಂತ ಕುರ್ಚಿ ಎಳೀತಿದ್ರು, ಅಪ್ಪ ಹೋದಾಗ ಮನೆಗೆ ಬಂದು ಕೂತು ಪೇಪರ್ ಎಲ್ಲಾ ಅವರೇ ಬರ್ಕೊಟ್ಟಿದ್ರು. ಅದನ್ನ ಆಸೆ ಅಂತ ಕರೆಯೋಕೆ ನಾಲಿಗೆ ಹೇಗೆ ಹೊರಳುತ್ತೆ? ಗ್ಲಾಸ್ಗೋದಲ್ಲಿ ದುರಾಸೆ ಇತ್ತು, ಆದ್ರೆ ಅದು ಡೈರೆಕ್ಟರುಗಳ ರೂಮಲ್ಲಿತ್ತು. ಅವರನ್ನ ಎಡಿನ್‌ಬರೋ ಕೋರ್ಟಲ್ಲಿ ನಿಲ್ಲಿಸಿದ್ರು, ಮ್ಯಾನೇಜರ್ ರಾಬರ್ಟ್ ಸ್ಟ್ರೋನಕ್‌ಗೂ ಡೈರೆಕ್ಟರ್ ಲೂಯಿಸ್ ಪಾಟರ್‌ಗೂ 18 ತಿಂಗಳು ಜೈಲು, ಮಿಕ್ಕ ಐದು ಜನಕ್ಕೆ 8 ತಿಂಗಳು. ಸಾವಿರಾರು ಮನೆ ಮುಳುಗಿಸಿದ್ದಕ್ಕೆ 8 ತಿಂಗಳು!

ಒಂದು ಮಾತ್ರ ನ್ಯಾಯವಾಗಿ ಒಪ್ಕೋಬೇಕು. ಅಲ್ಲಿ ಡೆಪಾಸಿಟ್ ಇಟ್ಟವರಿಗೆ ಪೂರ್ತಿ ದುಡ್ಡು ಬಂತು, ಗ್ಲಾಸ್ಗೋ ಬ್ಯಾಂಕಿನ ನೋಟುಗಳನ್ನ ಬೇರೆ ಸ್ಕಾಟ್ ಬ್ಯಾಂಕುಗಳು ತಗೊಂಡ್ವು, ಇದೆಲ್ಲಾ ಶೇರುದಾರರ ರಕ್ತ ಹೀರಿ ಆಗಿದ್ದು ನಿಜ, ಆದ್ರೆ ಡೆಪಾಸಿಟ್ ಇಟ್ಟೋರು ಬೀದಿಗೆ ಬೀಳ್ಲಿಲ್ಲ. ಮುಂದಿನ ವರ್ಷಾನೇ, 1879ರಲ್ಲಿ, ಕಾನೂನು ಬದಲಾಯಿಸಿ ಬ್ಯಾಂಕುಗಳು ಶೇರುದಾರರ ಹೊಣೆಗೆ ಮಿತಿ ಹಾಕ್ಕೊಳ್ಳೋಕೆ ದಾರಿ ಮಾಡಿದ್ರು, ಹಾಗೆ ಲಿಮಿಟೆಡ್ ಆಗೋ ಬ್ಯಾಂಕಿಗೆ ಹೊರಗಿನ ಆಡಿಟ್ ಕಡ್ಡಾಯ ಮಾಡಿದ್ರು. ಕ್ಯಾಲಿಡೋನಿಯನ್ ಬ್ಯಾಂಕು ಅದೇ ವರ್ಷ ಮತ್ತೆ ಬಾಗಿಲು ತೆರೀತು, 1907ರಲ್ಲಿ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಜೊತೆ ಸೇರೋ ತನಕ ಅದೇ ಊರಲ್ಲಿ ಅದೇ ಹೆಸರಲ್ಲಿ ನಡೀತು. ಬ್ಯಾಂಕು ತಪ್ಪು ಮಾಡಿರ್ಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮಲ್ಲಿ ಡೆಪಾಸಿಟ್ ಇನ್ಶೂರೆನ್ಸ್ ಇದೆ, ಬ್ಯಾಂಕು ಮುಳುಗಿದ್ರೆ ಡೆಪಾಸಿಟ್ ಇಟ್ಟವರಿಗೆ ಒಂದು ಮಿತಿ ತನಕ ದುಡ್ಡು ಕೊಡೋ ವಿಮೆ, ಆ ಮಿತಿ 1 ಲಕ್ಷ ಇದ್ದಿದ್ದು 2020ರಲ್ಲಿ 5 ಲಕ್ಷ ಆಯ್ತು, ಸಹಕಾರಿ ಬ್ಯಾಂಕುಗಳಿಗೂ ಇದೆ. ಆದ್ರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಲ್ಲಿ "ಬ್ಯಾಂಕ್" ಅಂತಿದ್ಯೋ "ಸಂಘ" ಅಂತಿದ್ಯೋ ಅನ್ನೋ ಒಂದು ಪದದ ಮೇಲೆ ಅಮ್ಮನ ಇಪ್ಪತ್ತೆಂಟು ವರ್ಷದ ದುಡಿಮೆ ನಿಂತಿದೆ ಅಂತ ಅಮ್ಮನಿಗೆ ಯಾರೂ ಹೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ, ಬಿಕಾಂ ಓದಿದ ಮಗ. ಇಂಥ ಪ್ರತಿ ಸಂಘದ ಬಾಗಿಲಲ್ಲಿ "ಇಲ್ಲಿನ ಠೇವಣಿಗೆ ವಿಮೆ ಇಲ್ಲ" ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು ಅಂತ ಸರ್ಕಾರಕ್ಕೆ ಪತ್ರ ಬರ್ದಿದ್ದೀನಿ. ವಿಮೆಯನ್ನೇ ಇವಕ್ಕೂ ತರಬೇಕು ಅನ್ನೋದು ಅದರಲ್ಲಿ ಎರಡನೇ ಪಾಯಿಂಟು.

ಅಮ್ಮನ ಪಾಸ್‌ಬುಕ್ಕು ಬೀರುವಲ್ಲಿ ಅಪ್ಪನ ಕನ್ನಡಕದ ಡಬ್ಬಿ ಕೆಳಗಿದೆ. ಪ್ಲಾಸ್ಟಿಕ್ ಕವರ್ ಹಾಕಿ, ಮೊದಲ ಪುಟದಲ್ಲಿ ಕುಂಕುಮ ಇಟ್ಟಿದ್ದಾರೆ. ಪ್ರತಿ ತಿಂಗಳ ಮೊದಲ ಸೋಮವಾರ ಅದನ್ನ ತಗೊಂಡು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಸರು ಬರೆಸಿ ಬರ್ತಾರೆ, ಅಲ್ಲಿ ಇನ್ನೂ ನಲವತ್ತೈವತ್ತು ಜನ ಇರ್ತಾರೆ, ಈಗ ಎಲ್ಲರಿಗೂ ಎಲ್ಲರೂ ಪರಿಚಯ, ಯಾರದ್ದೋ ಮಗಳ ಬಾಣಂತನ, ಯಾರದ್ದೋ ಕಣ್ಣಿನ ಆಪರೇಷನ್ ಎಲ್ಲಾ ಮಾತಾಡ್ಕೋತಾರೆ. ನಾಳೆ ಸೋಮವಾರ. ನಾನು ರಜೆ ಹಾಕಿದ್ದೀನಿ, ಈ ಸಲ ಜೊತೆಗೆ ಹೋಗ್ತಿದ್ದೀನಿ.