ಭೀಷ್ಮ ಬಂದಿಲ್ಲ, ಪೆನ್‌ಡ್ರೈವ್ ಬಂದಿದೆ

ನೆರೆಮನೆಯ ಬಾಯಮ್ಮ ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದು ಊರಿಗೆ ಬಂದರು. ಅಲ್ಲಿನ ಇಗರ್ಜಿ ಹೇಗುಂಟು ಎಂದು ಕೇಳಿದೆ.

"ಅಳಿಯ ಹೋಗುವುದು ನಮ್ಮಂಥದಕ್ಕಲ್ಲ ಮಾರಾಯ್ರೆ, ಅದು ಬೇರೆ. ಹಾಡುವವರು ಎದುರಿಗೇ ಇದ್ದರು. ಕಾಫಿ ಬಿಸಿ ಇತ್ತು. ಕಾಣಿಕೆಯೂ ಅಲ್ಲೇ. ಶೆರ್ಮಾಂವ್, ಅಂದರೆ ಪ್ರವಚನ, ಹೇಳುವವರು ಮಾತ್ರ ಪರದೆ ಮೇಲೆ!"

ಅಲ್ಲಿ ಇದು ಹಳೆಯ ಸುದ್ದಿ. ಪ್ರವಚನ ಹೆಡ್ಡಾಫೀಸಿನಲ್ಲಿ, ಭಕ್ತರು ಬ್ರಾಂಚುಗಳಲ್ಲಿ. ಒಳ್ಳೆ ಮಾತುಗಾರ ಎಲ್ಲೆಡೆ ಸಿಗುವುದಿಲ್ಲ, ಪ್ರೊಜೆಕ್ಟರ್ ಸಿಗುತ್ತದೆ.

ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ತಾಳಮದ್ದಳೆಯೆಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ; ಪಾತ್ರದ ಮಾತನ್ನು ಆಗಲೇ ಹೊಸೆದು ಹೇಳುವವನು ಅರ್ಥಧಾರಿ. ಒಬ್ಬ ಘಟಾನುಘಟಿ ಅರ್ಥಧಾರಿಯ ಭೀಷ್ಮನನ್ನು ರೆಕಾರ್ಡ್ ಮಾಡಿಕೊಂಡರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ನಾಲ್ಕೂ ಕಡೆ ಒಂದೇ ರಾತ್ರಿ ತಾಳಮದ್ದಳೆ. ಚೆಂಡೆ ಲೈವ್, ಚಾ-ಅವಲಕ್ಕಿ ಲೈವ್, ಭೀಷ್ಮ ಪೆನ್‌ಡ್ರೈವಿನಲ್ಲಿ.

ಪೆರ್ಲದ ಕೃಷ್ಣ ಕೇಳುತ್ತಾನೆ: "ಅಜ್ಜಾ, ದ್ರೌಪದಿಯ ಸೀರೆ ಎಳೆಯುವಾಗ ನಿಮ್ಮ ಬಾಯಲ್ಲಿ ಎಲೆಯಡಿಕೆ ಇತ್ತೋ?"

ಪರದೆಯ ಭೀಷ್ಮ ಮೂರು ಸೆಕೆಂಡು ಗಡ್ಡ ನೀವಿಕೊಳ್ಳುತ್ತಾನೆ. "ಒಳ್ಳೆ ಪ್ರಶ್ನೆ ಕೃಷ್ಣಾ. ನಾನು ಮದುವೆಯಾಗದಿರುವುದಕ್ಕೆ ಕಾರಣವೇನೆಂದರೆ..."

ಮುಂದಿನ ಸಾಲಿನ ಭಟ್ಟರು ತೂಕಡಿಸಿದರೆ ನಿಜವಾದ ಅರ್ಥಧಾರಿ ಸ್ವರ ಏರಿಸುತ್ತಾನೆ, ಇಲ್ಲವೇ ಅವರನ್ನೇ ಪ್ರಸಂಗದೊಳಕ್ಕೆ ಎಳೆದುಕೊಳ್ಳುತ್ತಾನೆ. ಪರದೆಗೆ ಭಟ್ಟರೂ ಒಂದೇ, ಅವರು ಕೂತ ಕುರ್ಚಿಯೂ ಒಂದೇ.

(2020ರ ಜೂನಿನಲ್ಲಿ ಶಾಲೆ ಮುಚ್ಚಿದ್ದಾಗ ಕೇರಳದ ವಿಕ್ಟರ್ಸ್ ಟಿವಿ ಚಾನೆಲ್ಲಿನಲ್ಲಿ ಪಾಠ ಶುರುವಾದಾಗ ನಮ್ಮ ಮಾಣಿ ಟಿವಿಗೆ ಕಿರುಬೆರಳು ತೋರಿಸಿ "ಸಾರ್, ಒಂದಕ್ಕೆ" ಎಂದಿದ್ದ. ಟಿವಿಯ ಸಾರ್ ಕೊನೆಗೂ ಬಿಡಲಿಲ್ಲ.)

ಬ್ರಾಂಚು ತೆರೆಯುವವರು ಸಿಯಾಟಲಿನ ಮಾರ್ಸ್ ಹಿಲ್ ಚರ್ಚಿನ ಕಥೆಯನ್ನು ಕರಪತ್ರದಲ್ಲಿ ಹಾಕುವುದಿಲ್ಲ. 1996ರಲ್ಲಿ ಶುರುವಾಗಿ 15 ಕಡೆಗೆ ಹಬ್ಬಿದ ಚರ್ಚ್ ಅದು. ಊರು ಯಾವುದಾದರೂ ಪರದೆ ಮೇಲಿನ ಮುಖ ಹೆಚ್ಚಾಗಿ ಅದರ ಮುಖ್ಯ ಪಾಸ್ಟರ್ ಮಾರ್ಕ್ ಡ್ರಿಸ್ಕಾಲರದೇ. ಒಂದೇ ಅಡಿಕೆ ಮರಕ್ಕೆ ತೋಟದ ಒಳ್ಳೆಮೆಣಸಿನ ಬಳ್ಳಿಯನ್ನೆಲ್ಲ ಹಬ್ಬಿಸಿದ ಹಾಗೆ. 2014ರ ಅಕ್ಟೋಬರಿನಲ್ಲಿ ಆರೋಪಗಳ ನಡುವೆ ಅವರು ರಾಜೀನಾಮೆ ಕೊಟ್ಟರು. 2015ರ ಹೊಸವರ್ಷಕ್ಕೆ ಸಂಸ್ಥೆಯೇ ಇಲ್ಲ. ಬ್ರಾಂಚುಗಳಲ್ಲಿ ಕೆಲವು ಸ್ವತಂತ್ರವಾದವು, ಕೆಲವು ಬಾಗಿಲು ಹಾಕಿದವು.

ಬಾಯಮ್ಮನಿಗೆ ಇದೆಲ್ಲ ಹೇಳಿದೆ. ಅವರ ಸಂಕಟ ಬೇರೆ. "ಮುಕ್ಕಾಲು ಗಂಟೆ ಎದುರಿಗೇ ಕೂತಿದ್ದೆ. ಅವರು ಒಂದು ಸಲ ನನ್ನನ್ನು ನೋಡಿದ್ದರೆ ಕೇಳಿ! ತಮಾಷೆ ಹೇಳಿ ಅವರೇ ನಗಾಡಿದರು, ಅಲ್ಲೆಲ್ಲೋ ಇದ್ದವರು ನಗಾಡಿದರು, ಆಮೇಲೆ ನಾವು ನಗಾಡಿದೆವು."

ಮರುದಿನ ಆದಿತ್ಯವಾರ. ಪೂಜೆ ಮುಗಿಸಿ ಬರುವಾಗ ಅವರ ಮುಖ ಅರಳಿತ್ತು. ಫಾದರ್ ಬಾಗಿಲಲ್ಲೇ ನಿಲ್ಲಿಸಿ ಮೊಣಕಾಲು ನೋವು ವಿಚಾರಿಸಿದರಂತೆ, ಆರು ತಿಂಗಳ ಬಾಕಿ ವಂತಿಗೆಯನ್ನೂ ನೆನಪಿಸಿದರಂತೆ.

ಗೇಟು ದಾಟಿದವರು ತಿರುಗಿ ಬಂದು ಮೆಲ್ಲಗೆ ಕೇಳಿದರು: "ಆ ಪರದೆಯದ್ದಕ್ಕೆ ರಿಮೋಟ್ ಇರುತ್ತದಲ್ಲಾ? ಇವತ್ತು ಶೆರ್ಮಾಂವ್ ಸ್ವಲ್ಪ ಉದ್ದ ಆಯ್ತು."