ಗಿನಿಯಲ್ಲಿ ಮಿರಿಯಂ ಮಕೇಬಾ ಸುಮ್ಮನಿದ್ದದ್ದು ಸರಿಯೇ?

ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ (1932–2008) ತಮ್ಮ ದೇಶದ ವರ್ಣಭೇದದ ವಿರುದ್ಧ ಜಗತ್ತಿನ ಮುಂದೆ ಮಾತಾಡಿದವರು. ಆದರೆ ತಮಗೆ ಆಶ್ರಯ ಕೊಟ್ಟ ಗಿನಿ ದೇಶದ ಅಧ್ಯಕ್ಷ ಸೆಕು ಟೂರೆ ತನ್ನ ವಿರೋಧಿಗಳನ್ನು ಜೈಲಿನಲ್ಲಿ ಕೊಲ್ಲಿಸುತ್ತಿದ್ದಾಗ ತುಟಿ ಬಿಚ್ಚಲಿಲ್ಲ. ಸರಿಯೋ ತಪ್ಪೋ?

ಪರ: ಉಂಡ ಮನೆಯ ಜಂತೆ ಎಣಿಸಲಿಲ್ಲ, ಅಷ್ಟೇ

1960ರಲ್ಲಿ ತಾಯಿ ತೀರಿಕೊಂಡಾಗ ಮಕೇಬಾ ಅಮೆರಿಕದಲ್ಲಿದ್ದರು. ಮಣ್ಣಿಗಾದರೂ ಹೋಗೋಣ ಅಂತ ಹೊರಟರೆ ಪಾಸ್‌ಪೋರ್ಟೇ ರದ್ದಾಗಿತ್ತು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಸಾಕ್ಷಿ ಹೇಳಿದರು. ಪೌರತ್ವವೂ ಹೋಯಿತು, ಊರಲ್ಲಿ ರೆಕಾರ್ಡುಗಳಿಗೂ ನಿಷೇಧ ಬಿತ್ತು. ಹೋಗಲಿ, ಅಮೆರಿಕ ಇದೆಯಲ್ಲ ಅಂದುಕೊಂಡರೆ, 1968ರಲ್ಲಿ ಕಪ್ಪು ಜನರ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಅವರನ್ನು ಮದುವೆಯಾದರು. ಹಿಂದಿನ ವರ್ಷವಷ್ಟೇ ಮಕೇಬಾ ಅವರ ‘ಪಾಟಾ ಪಾಟಾ’ ಹಾಡಿಗೆ ಕುಣಿದಿದ್ದ ಅಮೆರಿಕ, ಒಂದೊಂದಾಗಿ ಕಾರ್ಯಕ್ರಮ ರದ್ದು ಮಾಡಿತು.

ಆಗ ಬಾಗಿಲು ತೆಗೆದದ್ದು ಗಿನಿ. 1958ರಲ್ಲಿ ಫ್ರಾನ್ಸಿಗೆ ‘ನಿಮ್ಮ ಸಹವಾಸ ಬೇಡ’ ಅಂದು ಸ್ವತಂತ್ರವಾದ ಪುಟ್ಟ ದೇಶ. ಟೂರೆ ಮಕೇಬಾಗೆ ಮನೆ ಕೊಟ್ಟರು, ಪಾಸ್‌ಪೋರ್ಟ್ ಕೊಟ್ಟರು, ವಿಶ್ವಸಂಸ್ಥೆಗೆ ತಮ್ಮ ದೇಶದ ಪ್ರತಿನಿಧಿ ಮಾಡಿ ಕಳಿಸಿದರು. ಅಲ್ಲಿ ಸಂಗೀತಗಾರರಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು, ದಿನಾ ಅಭ್ಯಾಸ ಮಾಡಿದರೆ ಸಾಕು. ಕಲಾವಿದರಿಗೆ ಟೂರೆ ಮಾಡಿದ್ದನ್ನು ಬೇರೆ ಯಾವ ದೇಶವೂ ಮಾಡಿದ್ದು ತಾನು ಕಂಡಿಲ್ಲ ಎಂದು ಮಕೇಬಾ ಆಮೇಲೆ ಹೇಳಿದ್ದರು.

ಪಾಸ್‌ಪೋರ್ಟ್ ಇನ್ನೊಬ್ಬರ ಕೈಯಲ್ಲಿರುವುದು ಅಂದರೇನು ಅಂತ ನನಗೆ ಚೆನ್ನಾಗಿ ಗೊತ್ತು. ಕೊಲ್ಲಿ ದೇಶವೊಂದರಲ್ಲಿ ಕೆಲಸಕ್ಕಿದ್ದೆ. ಹೋದ ದಿನವೇ ನಮ್ಮೆಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು, ರಬ್ಬರ್ ಬ್ಯಾಂಡ್ ಹಾಕಿ, ಮ್ಯಾನೇಜರ್ ತನ್ನ ಮೇಜಿನ ಕೆಳಗಿನ ಡ್ರಾಯರಿಗೆ ತಳ್ಳಿದ. ಜತೆಗಿದ್ದ ತೆಲುಗಿನ ಹುಡುಗ ಒಬ್ಬನಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಒಂದು ರಾತ್ರಿ ಮೆಸ್ಸಿನಲ್ಲಿ ಎದ್ದು ನಿಂತು ಕೇಳಿಯೇ ಬಿಟ್ಟ. ನಾವೆಲ್ಲ ತಟ್ಟೆಯಲ್ಲಿದ್ದ ಬೇಳೆಸಾರು ನೋಡುತ್ತಾ ಕೂತೆವು. ಮೇಲ್ವಿಚಾರಕ ಒಬ್ಬೊಬ್ಬರ ಮುಖ ನೋಡಿಕೊಂಡು ಹೋದ. ಅದೇ ವಾರ ಹುಡುಗನನ್ನು ವಿಮಾನ ಹತ್ತಿಸಿದರು. ನಾನು ಬಾಯಿ ಬಿಟ್ಟಿದ್ದರೆ ನನ್ನನ್ನೂ ಹತ್ತಿಸುತ್ತಿದ್ದರು, ತಂಗಿಯ ಮದುವೆ ನಿಲ್ಲುತ್ತಿತ್ತು. ನನಗೆ ಅದರ ಬಗ್ಗೆ ನಾಚಿಕೆ ಇಲ್ಲ. ಆದರೂ ನನಗೆ ವಾಪಸ್ ಹೋಗಲು ಮಂಗಳೂರಿತ್ತು. ಮಕೇಬಾಗೆ ಎಲ್ಲಿತ್ತು ಸ್ವಾಮಿ?

ಇಷ್ಟಾದರೂ ಕೆಲವರಿಗೆ ಸಮಾಧಾನ ಇಲ್ಲ. ಕೈಯಲ್ಲಿ ಕಾಫಿ ಲೋಟ ಹಿಡಿದು ‘ಕ್ಯಾಂಪ್ ಬ್ವಾರೊ, ಕ್ಯಾಂಪ್ ಬ್ವಾರೊ’ ಅಂತ ಟೂರೆಯ ಒಂದೇ ಜೈಲಿನ ಹೆಸರು ಜಪಿಸುತ್ತಾರೆ. ಇವರ ಪ್ರಕಾರ ಗಾಯಕಿ ಎಲ್ಲ ಜೈಲುಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕಿತ್ತು. 1970ರ ನವೆಂಬರಿನಲ್ಲಿ ಪೋರ್ಚುಗೀಸರು ದೋಣಿಗಳಲ್ಲಿ ಬಂದು ರಾಜಧಾನಿ ಕೊನಾಕ್ರಿಯ ಮೇಲೆಯೇ ದಾಳಿ ಮಾಡಿದ್ದರಲ್ಲ, ಅದನ್ನೂ ಒಂದು ಸಲ ನೆನಪಿಸಿಕೊಳ್ಳಲಿ. ಶತ್ರುಗಳು ಬರೀ ಟೂರೆಯ ಕಲ್ಪನೆಯಾಗಿರಲಿಲ್ಲ. ಮಗಳು ಬೊಂಗಿಯನ್ನೂ ಮಕೇಬಾ ಆ ಮಣ್ಣಿನಲ್ಲೇ ಮಲಗಿಸಿದರು. ಅಂಥ ಊರಿಗೆ ಕೈ ತೋರಿಸಿ ಬೈಯಿರಿ ಅಂತ ತಾಯಿಗೆ ಹೇಳುವುದು ನನ್ನಿಂದಂತೂ ಆಗದ ಕೆಲಸ.

ವಿರೋಧ: ಟೆಲ್ಲಿ ಮಕೇಬಾಗೆ ಅಪರಿಚಿತರಲ್ಲ

ಈ ಬದಿಗೆ ಬರೆಯಲು ಯಾರೂ ಸಿಗಲಿಲ್ಲವಂತೆ, ನನಗೆ ಹೇಳಿದರು. ಮಕೇಬಾ ಹಾಡು ಈಗಲೂ ನನ್ನ ಫೋನಿನಲ್ಲಿದೆ, ಹಾಗಾಗಿ ಜಾಸ್ತಿ ಬೈಯಲು ಬರುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಮಕೇಬಾ ಗಿನಿಗೆ ಬಂದು ನೆಲೆಸುವ ಹೊತ್ತಿಗೇ ಕೀಟಾ ಫೊಡೆಬಾ ಅವರ ಬಂಧನವಾಯಿತು. ಆಫ್ರಿಕಾದ ನೃತ್ಯವನ್ನು ಜಗತ್ತಿಗೆ ತೋರಿಸಿದ ‘ಬ್ಯಾಲೆ ಆಫ್ರಿಕೇನ್’ ತಂಡ ಕಟ್ಟಿದವರು ಅವರು, ಟೂರೆಯ ಮಂತ್ರಿಯೂ ಆಗಿದ್ದವರು. 1969ರಲ್ಲಿ ಕ್ಯಾಂಪ್ ಬ್ವಾರೊದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕಲಾವಿದರಿಗೆ ಸಂಬಳ ಕೊಟ್ಟ ಸರ್ಕಾರ ಅಂದಾಗ ಇದನ್ನೂ ಸೇರಿಸಬೇಕಲ್ವಾ? 1971ರ ಜನವರಿಯಲ್ಲಿ ಕೊನಾಕ್ರಿಯ ಸೇತುವೆಯಿಂದ ಜನರನ್ನು ಬಹಿರಂಗವಾಗಿ ನೇತುಹಾಕಿದರು. ಇದು ಗುಟ್ಟಾಗಿ ನಡೆದದ್ದಲ್ಲ.

ಇನ್ನು ಗಿನಿಯದೇ ರಾಜತಾಂತ್ರಿಕ ಡಿಯಾಲೊ ಟೆಲ್ಲಿ. 1963ರಲ್ಲಿ ಮಕೇಬಾ ಸಾಕ್ಷಿ ಹೇಳಿದ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮಿತಿಗೆ ಅಧ್ಯಕ್ಷರು ಇದೇ ಟೆಲ್ಲಿ. ಮುಂದೆ ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಪ್ರಧಾನ ಕಾರ್ಯದರ್ಶಿಯೂ ಆದರು. 1976ರಲ್ಲಿ ಟೂರೆ ಈ ಟೆಲ್ಲಿಯನ್ನೇ ಹಿಡಿದು ಹಾಕಿದರು. ಮರುವರ್ಷ ಅದೇ ಕ್ಯಾಂಪಿನಲ್ಲಿ ಅನ್ನ, ನೀರು ಎರಡೂ ಕೊಡದೆ ಕೊಂದರು. ಅವರ ಫುಲಾ ಜನಾಂಗದ ಮೇಲೆಯೇ ಟೂರೆ ದೇಶದ್ರೋಹದ ಪಟ್ಟ ಕಟ್ಟಿದ್ದರು. ಮಕೇಬಾಗೆ ಸಿಕ್ಕಿದ್ದ ಮನೆ ಇದ್ದ ದಲಾಬಾ, ಆ ಫುಲಾ ಜನರ ಬೆಟ್ಟದ ಸೀಮೆಯಲ್ಲೇ ಇದೆ.

ಪಾಸ್‌ಪೋರ್ಟ್ ಇರಲಿಲ್ಲ, ಏನು ಮಾಡಿಯಾರು ಅನ್ನುವವರಿದ್ದಾರೆ. ಮಕೇಬಾಗೆ ಪಾಸ್‌ಪೋರ್ಟ್ ಕೊಟ್ಟ ದೇಶ ಗಿನಿಯೊಂದೇ ಅಲ್ಲ, ಹಲವಿದ್ದವು. ಅದೂ ಬೇಡ. 1984ರಲ್ಲಿ ಟೂರೆ ತೀರಿಕೊಂಡರು, ಕೆಲವೇ ದಿನದಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಕ್ಯಾಂಪಿನ ಒಳಗೆ ಏನು ನಡೆದಿತ್ತು ಅಂತ ಎಲ್ಲರಿಗೂ ತಿಳಿಯಿತು. ಮಕೇಬಾ ಬ್ರಸೆಲ್ಸಿಗೆ ಹೋದರು, 1990ರಲ್ಲಿ ಸ್ವಂತ ದೇಶಕ್ಕೂ ಮರಳಿದರು. ಅಲ್ಲಿಂದಾಚೆಗೆ ಅವರನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ.

ಧೈರ್ಯದ ಕೊರತೆ ಅಂತ ನಾನು ಹೇಳಲಾರೆ. 2008ರ ನವೆಂಬರಿನಲ್ಲಿ, 76ನೇ ವಯಸ್ಸಿನಲ್ಲಿ, ಇಟಲಿಯಲ್ಲಿ ಮಾಫಿಯಾ ಬೆದರಿಕೆಗೆ ಸಿಕ್ಕಿದ್ದ ಲೇಖಕ ರಾಬರ್ಟೊ ಸವಿಯಾನೊ ಅವರ ಪರ ಹಾಡಲು ವೇದಿಕೆ ಹತ್ತಿದವರು ಇವರೇ. ಇಟಲಿಯ ಲೇಖಕನಿಗಾಗಿ ಅಷ್ಟು ಮಾಡಬಲ್ಲವರು ಟೆಲ್ಲಿಗಾಗಿಯೂ ಒಂದು ಮಾತು ಆಡಬಹುದಿತ್ತು.